ಸಮುದ್ರಕ್ಕೆ ಹೆದರುತ್ತಿದ್ದ ಆಟದ ಅಕ್ಕೋರು

ಆಟದ ಅಕ್ಕೋರಿಗೆ ಸಮುದ್ರವೆಂದರೆ ಹೆದರಿಕೆ. ನಮ್ಮ ಶಾಲೆ ಇದ್ದದ್ದೋ ಅಂಕೋಲೆಯ ಕಡಲದಂಡೆಗೆ ತಾಗಿ. ಕಿಟಕಿ ತೆಗೆದರೆ ಪುಸ್ತಕದ ಮೇಲೆ ಮರಳು ಬಂದು ಕೂರುತ್ತಿತ್ತು. ಅಂಥ ಶಾಲೆಗೆ ಹಿಲ್ಲೂರಿನ ಕಾಡಿನ ಕಡೆಯಿಂದ ಇವರು ಬಂದರು. ನಾವು ಹುಡುಗಿಯರು ದಂಡೆಯಲ್ಲಿ ಆಡುವಾಗ ಇವರು ಒದ್ದೆ ಮರಳಿನಿಂದ ನಾಲ್ಕು ಮಾರು ದೂರ, ಬೂಟು ಕೈಯಲ್ಲಿ ಹಿಡಿದು, ಸೀಟಿ ಬಾಯಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ಅಲೆ ಸ್ವಲ್ಪ ಮೇಲೆ ಬಂತೆಂದರೆ ಜೋರಾಗಿ ಸೀಟಿ. ಊದಿದ್ದು ನಮಗೋ ಅಲೆಗೋ ಎಂದು ನಾವು ನಿಂತು ನೋಡಬೇಕಾಗುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಕನ್ನಡದ ಅಕ್ಕೋರು, ಗಣಿತದ ಅಕ್ಕೋರು, ಇವರು ಆಟದ ಅಕ್ಕೋರು. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಹಿಲ್ಲೂರಿನ ಮನೆಯಲ್ಲಿ ತೀರಿಕೊಂಡರು. ನಿವೃತ್ತಿಯಾಗಿ ಬಹಳ ವರ್ಷವೇನೂ ಆಗಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ನನ್ನಿಂದ ಅದು ಪೂರ್ತಿ ಆಗುವಂಥದ್ದಲ್ಲ. ನನಗೂ ಅವರಿಗೂ ಒಂದು ಜಗಳವಿತ್ತು. ಅದು ಬಗೆಹರಿದಿದೆ ಎಂದು ನಾನಂತೂ ಒಪ್ಪಿಲ್ಲ.

ತೆಳ್ಳನೆಯ ಉದ್ದನೆಯ ಹೆಂಗಸು. ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು. ಯೋಚನೆಗೆ ಬಿದ್ದರೆ ಸೀಟಿಯನ್ನು ಎಲೆಯಡಿಕೆಯ ಕವಳದ ಹಾಗೆ ದವಡೆಗೆ ಒತ್ತಿಕೊಂಡು ಮಾತಾಡುತ್ತಿದ್ದರು. ಆಗ ಒಂದೊಂದು ಮಾತಿನ ಹಿಂದೆ ಸಣ್ಣಗೆ ಸೀಟಿಯೂ ಬರುತ್ತಿತ್ತು, ನಾವು ನಗು ತಡೆಯಲಾರದೆ ಬೈಸಿಕೊಳ್ಳುತ್ತಿದ್ದೆವು. ಅವರ ಅಪ್ಪ-ಅಮ್ಮ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವರು. ಇರುವ ಒಂದು ಬಸ್ಸು ತಪ್ಪಬಾರದೆಂದು ಕಾಡಿನ ಹಾದಿಯಲ್ಲಿ ಓಡಿ ಓಡಿಯೇ ಓಟ ಕಲಿತೆ ಎಂದು ಅವರೇ ಹೇಳುತ್ತಿದ್ದರು. ಕಾಲೇಜಿನಲ್ಲಿ ಒಳ್ಳೆಯ ಕಬಡ್ಡಿ ಆಟಗಾರ್ತಿ. ಸಮುದ್ರದ ಸಂಗತಿ ಮಾತ್ರ ಒಂದಕ್ಷರವೂ ಗೊತ್ತಿರಲಿಲ್ಲ.

ಬಂದ ಹೊಸತರಲ್ಲಿ ದಂಡೆಯ ಮೇಲಿನ ಗಟ್ಟಿ ಮರಳು ನೋಡಿ ಅವರಿಗೆ ಬಹಳ ಖುಷಿಯಾಯಿತು. ಶಾಲೆಯ ಅಂಗಳದಲ್ಲಿ ಕಲ್ಲೇ ಕಲ್ಲು, ಇಲ್ಲಿ ನೋಡಿದರೆ ಇಷ್ಟು ದೊಡ್ಡ ಮೈದಾನ. "ಇನ್ನು ದಿನಾ ನಾಲ್ಕೂವರೆಗೆ ಇಲ್ಲೇ ಪ್ರ್ಯಾಕ್ಟೀಸು" ಎಂದು ಸಾರಿದರು. ನಾವೆಲ್ಲ ಮೀನುಗಾರರ ಮನೆಯ ಹುಡುಗಿಯರು. ಇಳಿತದ ಹೊತ್ತು ದಿನವೂ ಮುಂದೆ ಮುಂದೆ ಹೋಗುತ್ತದೆ ಅನ್ನುವುದು ನಮಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಒಬ್ಬಳೂ ಬಾಯಿ ಬಿಡಲಿಲ್ಲ, ಏನಾಗುತ್ತದೋ ನೋಡೋಣ ಎಂದು ಸುಮ್ಮನಿದ್ದೆವು. ವಾರ ಕಳೆಯುವುದರೊಳಗೆ ಒಂದು ಸಂಜೆ ಅಕ್ಕೋರು ಬಂದು ನೋಡಿದರೆ ಮೈದಾನವೇ ಇಲ್ಲ, ನೀರು ದೋಣಿಗಳ ಬುಡದವರೆಗೆ ಬಂದಿದೆ.

"ಮೈದಾನ ಎಲ್ಲಿ ಹೋಯ್ತೇ?" ಎಂದು ನನ್ನನ್ನು ಕೇಳಿದರು.

"ನೀರಡಿಗೆ ಹೋಯ್ತು ಅಕ್ಕೋರೆ."

"ತಿರುಗಿ ಯಾವಾಗ ಬತ್ತದೆ?"

ಬಸ್ಸು ತಪ್ಪಿದವರ ಮುಖವಾಗಿತ್ತು ಅವರದ್ದು. ನಗಬಾರದೆಂದು ಎಷ್ಟೇ ತಡೆದರೂ ಆಗಲಿಲ್ಲ. ಅವರಿಗೂ ನಗು ಬಂತು. ಮರುದಿನದಿಂದ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತು, "ತಂಗಿ, ಇವತ್ತು ನೀರು ಎಷ್ಟು ಗಂಟೆಗೆ ಹೋಗ್ತದೆ?" ಎಂದು ಮೆಲ್ಲಗೆ ಕೇಳುವುದು ರೂಢಿಯಾಯಿತು.

ಆ ಕಾಲದಲ್ಲಿ ನಾನು ಆಡದ ಆಟವಿರಲಿಲ್ಲ. ಎಂಟುನೂರು ಮೀಟರ್ ಓಟ, ಖೋಖೋ, ಕಬಡ್ಡಿ, ಎತ್ತರ ಜಿಗಿತ, ಆಳು ಕಡಿಮೆ ಬಿದ್ದರೆ ವಾಲಿಬಾಲ್. ಯಾವುದಕ್ಕೆ ನಿಲ್ಲಿಸಿದರೂ ನಿಲ್ಲುತ್ತಿದ್ದೆ, ಹೆಚ್ಚಾಗಿ ಗೆಲ್ಲುತ್ತಲೂ ಇದ್ದೆ. ಆದರೆ ನನಗೆ ಬೇಕಾಗಿದ್ದದ್ದು ಫುಟ್‌ಬಾಲ್ ಒಂದೇ. ಕಬಡ್ಡಿಯಲ್ಲಿ ಗೆದ್ದು ಬಂದ ದಿನ ಉಂಡು ಮಲಗಿಬಿಡುತ್ತಿದ್ದೆ. ಫುಟ್‌ಬಾಲಿನಲ್ಲಿ ಒಂದು ಗೋಲು ತಪ್ಪಿದ ದಿನ ಮಲಗಿದಲ್ಲೇ ಗೋಡೆಗೆ ಒದೆಯುತ್ತಿದ್ದೆ. "ಗೋಡೆ ಎಂತ ಮಾಡ್ತು ನಿಂಗೆ?" ಎಂದು ನನ್ನ ಆಯಿ ಕೇಳುತ್ತಿದ್ದಳು. ಇಳಿತದಲ್ಲಿ ಮರಳು ಒದ್ದೆಯಾಗಿ ಗಟ್ಟಿ ನಿಂತಾಗ ಚೆಂಡು ನೆಲಕ್ಕೆ ತಾಗಿಯೂ ತಾಗದ ಹಾಗೆ ಓಡುತ್ತದೆ. ಅದರ ಹಿಂದೆ ಓಡುವಾಗ ನಾನು ಯಾರ ಮಗಳು, ಯಾವ ಕ್ಲಾಸು, ನಾಳೆ ಯಾವ ಪರೀಕ್ಷೆ ಯಾವುದೂ ತಲೆಯಲ್ಲಿ ಇರುತ್ತಿರಲಿಲ್ಲ. ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ, ಇವತ್ತಿಗೂ.

ಅಕ್ಕೋರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ. "ದೇವರು ಎರಡು ಕೈ ಕೊಟ್ಟಿದ್ದು ಎಂತಕ್ಕೆ ಮತ್ತೆ?" ಎಂದು ಮೊದಲ ದಿನವೇ ಕೇಳಿದ್ದರು. ನಮ್ಮಿಂದಲೇ ನಿಯಮ ಕಲಿತರು. ಎಲ್ಲವನ್ನೂ ಒಪ್ಪಿದರು, ಆಫ್‌ಸೈಡ್ ಒಂದನ್ನು ಬಿಟ್ಟು. ಮರಳ ಮೇಲೆ ಗೆರೆ ಎಳೆದು ಎಷ್ಟು ಸಲ ವಿವರಿಸಿದರೂ ಅವರದ್ದು ಒಂದೇ ವಾದ: "ಮುಂದೆ ಓಡಿ ನಿಂತದ್ದರ ತಪ್ಪೆಂತ? ಹಿಂದೆ ಉಳಿದವರದ್ದು ತಪ್ಪು." ಹೀಗಾಗಿ ನಮ್ಮ ದಂಡೆಯ ಮೇಲೆ ಆಫ್‌ಸೈಡ್ ಇರಲೇ ಇಲ್ಲ. ಹೊರಗೆ ಮ್ಯಾಚ್ ಆಡಲು ಹೋದಾಗ ನಾವು ಅದರ ಫಲ ಉಂಡೆವು.

ಫುಟ್‌ಬಾಲ್ ಒಂದನ್ನೇ ಆಡುತ್ತೇನೆ ಎಂದು ನಾನು ಹಟ ಹಿಡಿದರೆ ಅವರು ಬಿಡುತ್ತಿರಲಿಲ್ಲ. "ಒಂದೇ ಆಟ ಆಡಿದ ಕಾಲು ಒಂದೇ ಮಾತು ಕಲೀತದೆ" ಅನ್ನುತ್ತಿದ್ದರು. ಉಸಿರಿಗೆ ಕಬಡ್ಡಿ, ತಿರುವಿಗೆ ಖೋಖೋ, ತಾಳ್ಮೆಗೆ ಎಂಟುನೂರು ಮೀಟರ್ ಎಂದು ಔಷಧ ಬರೆದುಕೊಟ್ಟ ಹಾಗೆ ಹಂಚುತ್ತಿದ್ದರು. ನಾನು ಗೊಣಗುತ್ತ ಹೋಗುತ್ತಿದ್ದೆ. ಖೋಖೋದಲ್ಲಿ ಕಲಿತ ತಿರುವಿನಿಂದಲೇ ನಾನು ಫುಟ್‌ಬಾಲಿನಲ್ಲಿ ಎಷ್ಟೋ ಹುಡುಗಿಯರನ್ನು ದಾಟಿದ್ದೇನೆ ಎಂಬುದು ನಿಜ. ಅದನ್ನು ಆಗ ಒಪ್ಪುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಈಗ ರಂಪಣಿಯ ಸಂಗತಿ ಹೇಳಬೇಕು, ಅದನ್ನು ಬಿಟ್ಟರೆ ಅಕ್ಕೋರು ಅರ್ಥವಾಗುವುದಿಲ್ಲ. ರಂಪಣಿ ಎಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಸುತ್ತ ಬಿಟ್ಟು ಬರುತ್ತಾರೆ, ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತದೆ. ನಮ್ಮ ಅಜ್ಜ ಆ ಬಲೆಯ ತಾಂಡೇಲ, ಯಾವಾಗ ಬಿಡುವುದು, ಯಾವಾಗ ಎಳೆಯುವುದು, ಪಾಲು ಹೇಗೆ ಎಂದು ಹೇಳುವವನು. ಒಂದು ದಿನ ನಮ್ಮ ಆಟದ ನಡುವೆಯೇ ಎಳೆತ ಶುರುವಾಯಿತು. ಅಷ್ಟು ಜನ ಬಗ್ಗಿ ಎಳೆಯುವಾಗ ಸುಮ್ಮನೆ ನಿಲ್ಲಲು ಅಕ್ಕೋರಿಂದ ಆಗಲಿಲ್ಲ. ಬೂಟು ಬದಿಗಿಟ್ಟು, ಒಣ ಮರಳಿನ ಕಡೆಯ ತುದಿಗೆ ಹೋಗಿ ಹಗ್ಗ ಹಿಡಿದೇಬಿಟ್ಟರು. ಬಲೆ ಬಂತು, ತಾರ್ಲಿ ಮೀನು ರಾಶಿ ಬಿತ್ತು. ಅಜ್ಜ ಪಾಲು ಹಾಕುತ್ತ ಅಕ್ಕೋರ ಮುಂದೆಯೂ ಒಂದು ಗುಪ್ಪೆ ಸುರಿದ.

"ಅಯ್ಯೋ, ನಂಗೆ ಎಂತಕ್ಕೆ? ನಾ ಸುಮ್ಮನೆ ಕೈ ಹಚ್ಚಿದ್ದು" ಎಂದು ಇವರು ಹಿಂದೆ ಸರಿದರು.

"ಕೈ ಹಚ್ಚಿದ ಮೇಲೆ ಪಾಲು ಬ್ಯಾಡ ಅಂಬೂಕಿಲ್ಲ ಅಕ್ಕೋರೆ" ಎಂದ ಅಜ್ಜ. "ಇವತ್ತು ನೀವು ಬ್ಯಾಡ ಅಂದ್ರೆ, ನಾಳೆ ಮತ್ತೊಬ್ಬರಿಗೆ ಇಲ್ಲ ಅನ್ನೂಕೆ ನಮಗೆ ಬಾಯಿ ಬತ್ತದೆ. ಎಳೆದದ್ದು ಜೋರೋ ಮೆಲ್ಲಗೋ ಅಂತ ಸಮುದ್ರ ಕೇಳೂದಿಲ್ಲ."

ಅಕ್ಕೋರು ಮೀನನ್ನು ಚೀಲಕ್ಕೆ ತುಂಬಿಕೊಂಡರು. ಆ ಸಂಜೆ ಹಿಲ್ಲೂರಿನ ಬಸ್ಸಿನಲ್ಲಿ ತಾರ್ಲಿ ನೀರು ಸೋರಿ, ಕಂಡಕ್ಟರು ಒಂದು ತಿಂಗಳು ಅವರ ಚೀಲ ಮೂಸಿ ನೋಡಿಯೇ ಹತ್ತಿಸಿಕೊಂಡನಂತೆ. ಆದರೆ ಅಜ್ಜನ ಮಾತು ಅವರ ಒಳಗೆ ಹೊಕ್ಕಿತು. ಮರುವಾರದಿಂದ ನಮ್ಮ ಎಲ್ಲ ಆಟಗಳಿಗೂ ಅದೇ ಕಾನೂನು. ಪ್ರ್ಯಾಕ್ಟೀಸಿಗೆ ಬಂದವಳು ಮ್ಯಾಚಿನಲ್ಲಿ ಅಂಗಳಕ್ಕೆ ಇಳಿಯಲೇಬೇಕು, ಎಷ್ಟೇ ಕಡಿಮೆ ಹೊತ್ತಾದರೂ ಸರಿ. ಅವಳಿಗೆ ಜಾಗ ಬಿಟ್ಟು ಹೊರಗೆ ಬರಬೇಕಾದವಳು ಯಾರೆಂದರೆ, ಪ್ರ್ಯಾಕ್ಟೀಸಿಗೆ ಎಲ್ಲರಿಗಿಂತ ಕಡಿಮೆ ಬಂದವಳು. ಯಾರು ಬಂದರು, ಯಾರು ಬರಲಿಲ್ಲ ಎಂದು ಅವರು ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಮುಖ ನೋಡಿ ಹೇಳುತ್ತಿದ್ದರು, ತಪ್ಪುತ್ತಲೂ ಇರಲಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಹೆಡ್‌ಮಾಸ್ತರರು ಅಕ್ಕೋರನ್ನು ಕರೆದು, ನಮ್ಮೆಲ್ಲರ ಎದುರಿಗೇ ಒಂದು ಮಾತು ಹೇಳಿದರು. "ನೋಡಿ ಅಕ್ಕೋರೆ, ಥ್ರೋಬಾಲಿನಲ್ಲಿ ಪ್ರತಿ ವರ್ಷ ಕಪ್ಪು ಬರ್ತದೆ. ಫುಟ್‌ಬಾಲಿನಲ್ಲಿ ಬರೂದು ಗಾಯ ಮಾತ್ರ. ಈ ಸಲ ಕಾರವಾರದಲ್ಲಿ ಗೆದ್ರೆ ಮುಂದುವರಿಸಿ. ಸೋತ್ರೆ ಹುಡುಗಿಯರ ಫುಟ್‌ಬಾಲ್ ಇಲ್ಲಿಗೆ ಸಾಕು." ಅವರೇನು ಕೆಟ್ಟ ಮನುಷ್ಯರಲ್ಲ, ಲೆಕ್ಕದ ಮನುಷ್ಯರು. ಅಕ್ಕೋರು "ಆಯ್ತು ಸರ್" ಎಂದರು. ಆ ರಾತ್ರಿಯೆಲ್ಲ ಕಾರವಾರದ ಒಂದು ಮ್ಯಾಚು ಗೆದ್ದರೆ ಆಟ ಉಳಿಯುತ್ತದೆ, ಸೋತರೆ ಹೋಗುತ್ತದೆ, ಇಷ್ಟೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಅದೇ ತಿಂಗಳು ಓಟ ಮತ್ತು ಖೋಖೋ ಸ್ಪರ್ಧೆಗಳೂ ಬಂದವು. ಅಕ್ಕೋರು ನನ್ನನ್ನು ಅವುಗಳ ತಯಾರಿಗೆ ಕಳಿಸಿದರು. ವಾರದಲ್ಲಿ ಹೆಚ್ಚಿನ ಸಂಜೆ ನಾನು ಅಲ್ಲಿ, ಉಳಿದವರು ದಂಡೆಯಲ್ಲಿ. ದಂಡೆಗೆ ಎಲ್ಲರಿಗಿಂತ ಮೊದಲು ಬಂದು, ಗೋಲಿಗೆಂದು ದೋಣಿಯ ಹುಟ್ಟುಗಳನ್ನು ಮರಳಲ್ಲಿ ನೆಡುತ್ತಿದ್ದವಳು ಶಾರದಾ. ಅವಳಷ್ಟು ನಿಯತ್ತಿನ ಹುಡುಗಿ ಇರಲಿಲ್ಲ, ಅವಳಷ್ಟು ಆಟ ಬಾರದವಳೂ ಇರಲಿಲ್ಲ. ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದಳು. ಕಣ್ಣು ತೆರೆಯುವಾಗ ಚೆಂಡು ಅವಳನ್ನು ದಾಟಿ ಹೋಗಿರುತ್ತಿತ್ತು.

ಕಾರವಾರದ ಮೈದಾನದಲ್ಲಿ ಅಂದು ಒಳ್ಳೆಯ ಗಾಳಿ ಇತ್ತು. ಮೊದಲರ್ಧದಲ್ಲೇ ನಾನು ಎರಡು ಗೋಲು ಹೊಡೆದೆ, ಒಂದನ್ನು ರೆಫರಿ ಆಫ್‌ಸೈಡ್ ಎಂದು ಕೊಡಲಿಲ್ಲ. ಅಕ್ಕೋರು ಗೆರೆಯ ತನಕ ಹೋಗಿ, "ಹಿಂದೆ ಉಳಿದವರಿಗೆ ಹೇಳಿ ಸರ್, ಓಡಿದವಳಿಗೆ ಎಂತಕ್ಕೆ ಶಿಕ್ಷೆ?" ಎಂದು ಕೇಳಿದರು. ಪಾಪ, ಆ ರೆಫರಿ ಸೀಟಿ ಊದಿ ಆಟ ಮುಂದುವರಿಸಿದ. ಆದರೂ ನಾವು ಒಂದು ಗೋಲು ಮುಂದಿದ್ದೆವು. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಆ ದಿನ ಹೊರಗೆ ಕೂತಿದ್ದವಳು ಶಾರದಾ ಒಬ್ಬಳೇ. ಅಕ್ಕೋರು ನನ್ನ ಕಡೆ ನೋಡಿ ಕೈ ಮಾಡಿದರು.

"ತಂಗಿ, ನೀ ಹೊರಗೆ ಬಾ."

ನಾನು ಗೆರೆಯ ಹತ್ತಿರ ಓಡಿ ಹೋದೆ. "ಇವತ್ತೊಂದಿನ ಬ್ಯಾಡ ಅಕ್ಕೋರೆ. ಸೋತ್ರೆ ಆಟವೇ ಹೋಗ್ತದೆ."

"ಗೊತ್ತು."

"ನಾ ದಂಡೆಗೆ ಬರದೇ ಇದ್ದದ್ದು ನೀವೇ ಓಡೂಕೆ ಕಳಿಸಿದ್ದಕ್ಕೆ."

"ಅದೂ ಗೊತ್ತು. ಬಾ."

ಅವರ ದವಡೆಯಲ್ಲಿ ಸೀಟಿ ಇತ್ತು, ಆ ದಿನ ನನಗೆ ನಗು ಬರಲಿಲ್ಲ. ನಾನು ಹೊರಗೆ ಬಂದು ಹುಲ್ಲಿನ ಮೇಲೆ ಅವರಿಗೆ ಬೆನ್ನು ಮಾಡಿ ಕುಳಿತೆ, ಆದರೆ ಕುತ್ತಿಗೆ ತಿರುಗಿಸಿ ಮ್ಯಾಚು ನೋಡುತ್ತಲೇ ಇದ್ದೆ. ಶಾರದಾ ಮೊದಲಿಗೆ ಒಂದು ಜೋರಾದ ಹೊಡೆತವನ್ನು ಹೊಟ್ಟೆಯಿಂದ ತಡೆದಳು. ಬೇಕೆಂದು ತಡೆದದ್ದಲ್ಲ, ಅಲ್ಲಿ ಅವಳು ನಿಂತಿದ್ದಳು ಅಷ್ಟೇ. ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಒಂದು ಗೋಲು ಹೋಯಿತು. ಕೊನೆಗೆ ಇನ್ನೊಂದು. ನಾವು ಸೋತೆವು.

ಬಸ್ಸಿನಲ್ಲಿ ಶಾರದಾ ಕಿಟಕಿಗೆ ಹಣೆ ಒತ್ತಿ ಅಳುತ್ತಿದ್ದಳು. ಅಕ್ಕೋರು ಅವಳ ಪಕ್ಕಕ್ಕೆ ಹೋಗಿ ಕೂತು, "ಹೊಟ್ಟೆ ನೋಯ್ತದನೇ?" ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. "ಮನೇಲಿ ಬಿಸಿನೀರು ಹಾಕ್ಕೋ" ಎಂದರು. ಅಂಕೋಲೆ ಬರುವವರೆಗೂ ಅವರಿಬ್ಬರ ನಡುವೆ ಆದ ಮಾತು ಅಷ್ಟೇ. ನನ್ನನ್ನು ಅವರು ಕೇಳಲಿಲ್ಲ, ಕೇಳಿದ್ದರೆ ನಾನು ಉತ್ತರ ಕೊಡುತ್ತಿರಲಿಲ್ಲ.

ಹೆಡ್‌ಮಾಸ್ತರರು ಮಾತು ಉಳಿಸಿಕೊಂಡರು. ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ನಿಂತಿತು. ಅಕ್ಕೋರು ಗೋಗರೆಯಲಿಲ್ಲ, ಕಾರಣ ಹೇಳಲಿಲ್ಲ. "ಸೋತದ್ದು ಹೌದು ಸರ್, ಆಡಿಸಿದ್ದು ನಾನು" ಎಂದು ಹೇಳಿ ಬಂದರಂತೆ. ಸಂಜೆ ಶಾಲೆ ಬಿಟ್ಟ ಮೇಲೆ ನೋಡಿದರೆ, ಒಂದು ಹೊಸ ಚೆಂಡು ಕಂಕುಳಲ್ಲಿ ಇರುಕಿಕೊಂಡು ದಂಡೆಯಲ್ಲಿ ನಿಂತು ಅಜ್ಜನ ಜತೆ ಮಾತಾಡುತ್ತಿದ್ದಾರೆ. ಈ ಆಟ ಇನ್ನು ಶಾಲೆಯದ್ದಲ್ಲ, ನಮ್ಮದು, ಜಾಗ ಕೊಡ್ತೀರಾ ಎಂದು. ಒಣಗಲು ಹಾಕಿದ ಮೀನಿನ ಮೇಲೆ ಚೆಂಡು ಬೀಳಬಾರದು ಎಂದು ಅಜ್ಜ ಷರತ್ತು ಹಾಕಿ ಕೊಟ್ಟ. ಅಂದಿನಿಂದ ಕಡೆಯ ಬಸ್ಸಿನ ಹೊತ್ತಿನವರೆಗೆ ಅವರು ದಂಡೆಯಲ್ಲಿ ಆಡಿಸಿದರು. ಸಂಬಳವಿಲ್ಲ, ಕಪ್ಪಿಲ್ಲ, ಮೇಲಿಂದ ಸಮುದ್ರದ ಹೆದರಿಕೆ.

ನಾನು ಹೋಗಲಿಲ್ಲ. ಮಗುಚಿದ ದೋಣಿಯ ಮೇಲೆ ಕೂತು, ಬಲೆ ಹೊಲಿಯುವ ಅಜ್ಜನಿಗೆ ದಾರ ಕೊಡುತ್ತ, ಆಟ ನೋಡುತ್ತ ಸಿಟ್ಟು ಮಾಡಿಕೊಂಡಿದ್ದೆ. ಯಾರಾದರೂ ತಪ್ಪು ಪಾಸು ಕೊಟ್ಟರೆ ನನ್ನ ಕಾಲು ತಾನಾಗಿ ಎದ್ದು ಗಾಳಿಗೆ ಒದೆಯುತ್ತಿತ್ತು. "ಬಾಯಿ ಬ್ಯಾಡ ಅಂತದೆ, ಕಾಲು ಬೇಕು ಅಂತದೆ. ನೀವಿಬ್ಬರೂ ಒಂದು ತೀರ್ಮಾನಕ್ಕೆ ಬನ್ನಿ" ಎಂದು ಅಜ್ಜ ಛೇಡಿಸುತ್ತಿದ್ದ. ಕೆಲವು ವಾರ ತಡೆದೆ. ಒಂದು ಸಂಜೆ ಚೆಂಡು ಉರುಳಿ ನನ್ನ ಹತ್ತಿರವೇ ಬಂತು. ಒದ್ದು ವಾಪಸು ಕಳಿಸಬೇಕೆಂದು ಎದ್ದವಳು ಅದರ ಜತೆಯೇ ಹೊರಟುಹೋದೆ. ಅಕ್ಕೋರು ಎಲ್ಲಿದ್ದೆ, ಯಾಕೆ ಬಂದೆ ಎಂದು ಕೇಳಲಿಲ್ಲ. "ಸಾಲಿನ ಕೊನೆಗೆ ನಿಲ್ಲು" ಎಂದರು. ಸಾಲಿನ ಮೊದಲಿಗೆ ಶಾರದಾ ನಿಂತಿದ್ದಳು.

ಈಗ ನಾನು ಕಾರವಾರದಲ್ಲಿ ಔಷಧದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ, ಮನೆ ಚಿತ್ತಾಕುಲದಲ್ಲಿ. ಭಾನುವಾರ ನಾವೊಂದಷ್ಟು ಹೆಂಗಸರು ದಂಡೆಯಲ್ಲಿ ಆಡುತ್ತೇವೆ. ಮದುವೆಯಾದವರು, ಮಕ್ಕಳಿದ್ದವರು, ಮಂಡಿ ನೋವಿನವರು ಎಲ್ಲರೂ ಇದ್ದಾರೆ. ಈ ಬೇಸಿಗೆಯಲ್ಲಿ ಅಕ್ಕೋರಿಗೆ ಹುಷಾರಿಲ್ಲ ಎಂದು ಕೇಳಿ ಹಿಲ್ಲೂರಿಗೆ ಹೋದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಕೈಯೆಲ್ಲ ಮೂಳೆ. ಅವರ ತಂಗಿ ಚಹಾ ತಂದುಕೊಟ್ಟು ಒಳಗೆ ಹೋದರು.

"ಇನ್ನೂ ಆಡ್ತ್ಯಾ?" ಅದೇ ಮೊದಲ ಮಾತು.

"ಆಡ್ತೆ ಅಕ್ಕೋರೆ." ಆಮೇಲೆ ನನಗೆ ತಡೆಯಲಾಗಲಿಲ್ಲ. ಕಾಯಿಲೆಯವರನ್ನು ನೋಡಲು ಬಂದು ಕೇಳುವ ಮಾತಲ್ಲ ಇದು ಎಂದು ಗೊತ್ತಿದ್ದೂ ಕೇಳಿದೆ. "ಅವತ್ತು ಕಾರವಾರದಲ್ಲಿ ನನ್ನ ಹೊರಗೆ ಕರೆದದ್ದು ತಪ್ಪು ಅಲ್ದಾ?"

ಅವರು ಸ್ವಲ್ಪವೂ ಯೋಚನೆ ಮಾಡಲಿಲ್ಲ. "ತಪ್ಪೇ."

ನಾನು ಇಷ್ಟು ವರ್ಷ ಕಟ್ಟಿಟ್ಟುಕೊಂಡಿದ್ದ ವಾದವೆಲ್ಲ ಒಂದೇ ಪದಕ್ಕೆ ಮುಗಿದುಹೋಯಿತು.

"ಗೊತ್ತಿದ್ದೂ ಮಾಡಿದ್ರಾ?"

"ಗೊತ್ತಿದ್ದೇ ಮಾಡಿದ್ದು. ಇವತ್ತು ಮ್ಯಾಚ್ ಇದ್ರೂ ನಿನ್ನೇ ಕರೀತಿದ್ದೆ." ಮಾತಿನ ನಡುವೆ ಉಸಿರು ತೆಗೆದುಕೊಂಡರು. "ನಿನ್ನ ಹೊರಗೆ ಕೂರಿಸಿದ್ರೂ ನೀ ಆಟ ಬಿಡೂದಿಲ್ಲ ಅಂತ ನಂಗೆ ಧೈರ್ಯ ಇತ್ತು. ಶಾರದಾನ ಕೂರಿಸೂಕೆ ಆ ಧೈರ್ಯ ಇರ್ಲಿಲ್ಲ."

"ಬಿಡದೇ ಇದ್ದವರನ್ನೇ ಹಿಡಿದು ಕೂರಿಸೂದು ಯಾವ ನ್ಯಾಯ ಅಕ್ಕೋರೆ?"

"ನ್ಯಾಯ ಅಂತ ನಾ ಎಲ್ಲಿ ಹೇಳ್ದೆ? ತಪ್ಪು ಅಂತಲೇ ಹೇಳ್ದೆ. ಚಹಾ ಕುಡಿ ಮಾರಾಯ್ತಿ, ತಣಿತದೆ."

ಚಹಾ ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಎದ್ದಾಗ ಕಾಲಿಗೆ ನಮಸ್ಕಾರ ಮಾಡಿದೆ, ಸಿಟ್ಟಿನಲ್ಲಿಯೇ. ಅವರು ಆಟದಲ್ಲಿ ಬಿದ್ದು ಆದ ನನ್ನ ಮಂಡಿಯ ಹಳೆಯ ಗಾಯದ ಗುರುತನ್ನು ಬೆರಳಿನಿಂದ ಒತ್ತಿ ನೋಡಿ, ನೋವಿದೆಯೇ ಎಂದು ಕಣ್ಣಲ್ಲೇ ಕೇಳಿದರು. ಇಲ್ಲ ಎಂದೆ. ಬಸ್ಸಿನಲ್ಲಿ ಕೂತ ಮೇಲೆ ಬಹಳ ಅಳು ಬಂತು.

ಅವರು ಹೋದ ಸುದ್ದಿ ಬಂದದ್ದು ಒಂದು ಶನಿವಾರ. ಹಿಲ್ಲೂರಿಗೆ ಹೋಗಿ, ಎಲ್ಲ ಮುಗಿಸಿ ಮನೆ ಸೇರುವಾಗ ಕತ್ತಲಾಗಿತ್ತು. ಮರುದಿನ ಭಾನುವಾರ. ಈ ಒಂದು ದಿನವಾದರೂ ಆಡಬಾರದು, ನಾನು ಆಟ ಬಿಡುವುದಿಲ್ಲ ಎಂಬ ಅವರ ಮಾತು ಸುಳ್ಳಾಗಲಿ ಎಂದುಕೊಂಡು ಮನೆಯಲ್ಲೇ ಕೂತೆ. ಮಧ್ಯಾಹ್ನ ದಾಟಿತು. ಇಳಿತವಾಗಿ ಮರಳು ಗಟ್ಟಿಯಾಗುವ ಹೊತ್ತಿಗೆ ನಾನು ದಂಡೆಯಲ್ಲಿದ್ದೆ. ನೀರು ತಿರುಗಿ ಏರಿ ಬರುವವರೆಗೂ ಆಡಿದೆ, ನನಗಿಂತ ಚಿಕ್ಕವರೆಲ್ಲ ಸುಸ್ತಾಗಿ ಕೂತ ಮೇಲೂ ಆಡಿದೆ. ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ.